ರಜೆ ಅರ್ಜಿಯ ಶರೀರಶಾಸ್ತ್ರ

ಬೆಂಗಳೂರಿನ ಬನಶಂಕರಿ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಕಿಲಿಮಂಜಾರೋ ಹತ್ತಲು ಹೋಗುವವರು ಹಿಂದಿನ ದಿನ ಉಳಿದುಕೊಳ್ಳುವ ಮೋಶಿ ಪಟ್ಟಣವೂ ಹೆಚ್ಚುಕಮ್ಮಿ ಅಷ್ಟೇ ಎತ್ತರದಲ್ಲಿದೆ. ತಾಂಜಾನಿಯಾದಲ್ಲಿ ವಿಮಾನ ಇಳಿದು ಅಲ್ಲಿ ಮಲಗಿದ ನಮ್ಮ ಬಡಾವಣೆಯವರಿಗೆ ಗಾಳಿ ಬದಲಾಯಿತು ಅನಿಸುವುದಿಲ್ಲ, ಬದಲಾಗಿರುವುದೂ ಇಲ್ಲ. ಬೆಟ್ಟದ ತುದಿ ಮಾತ್ರ ಅಲ್ಲಿಂದ ಇನ್ನೂ 5,000 ಮೀಟರ್ ಮೇಲಿದೆ. ಆ ಅಂತರವನ್ನು ಎಷ್ಟು ದಿನದಲ್ಲಿ ದಾಟುತ್ತೀರಿ ಎನ್ನುವುದು ಇಡೀ ಯೋಜನೆಯ ಜೀವಾಳ. ಬೂಟು, ಜಾಕೆಟ್ಟು, ಹೆಡ್‌ಲ್ಯಾಂಪು ಎಲ್ಲ ಆಮೇಲೆ.

ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಕಿಲಿಮಂಜಾರೋದ ಮಚಾಮೆ ದಾರಿಯಲ್ಲಿ ನೋಂದಣಿ ಪುಸ್ತಕದಲ್ಲಿ ಹೆಸರು ಬರೆದು ನಡಿಗೆ ಶುರುಮಾಡುವ ಗೇಟೇ ಸುಮಾರು 1,800 ಮೀಟರ್‌ನಲ್ಲಿದೆ. ನಮ್ಮ ಬೆಟ್ಟಗಳು ಮುಗಿಯುವ ಎತ್ತರದಲ್ಲಿ ಅವರ ಬೆಟ್ಟ ಆರಂಭವಾಗುತ್ತದೆ. ಮೊದಲ ರಾತ್ರಿಯ ಬಿಡಾರ 2,850ರ ಆಸುಪಾಸು. ಅಷ್ಟು ಹೊತ್ತಿಗೆ ನೀಲಗಿರಿಯ ದೊಡ್ಡಬೆಟ್ಟವನ್ನೂ (2,637) ದಕ್ಷಿಣ ಭಾರತಕ್ಕೇ ಎತ್ತರವಾದ ಆನಮುಡಿಯನ್ನೂ (2,695) ದಾಟಿರುತ್ತೀರಿ. ಎತ್ತರದ ಕಾಯಿಲೆ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು 2,500 ಮೀಟರ್ ಮೇಲೆ. ಅಂದರೆ ಬೆಂಗಳೂರಿನ ಚಾರಣಿಗ ವಾರಾಂತ್ಯಗಳಲ್ಲಿ ಎಷ್ಟೇ ಬೆಟ್ಟ ಸುತ್ತಲಿ, ಕಿಲಿಮಂಜಾರೋದ ಮುಖ್ಯ ಪ್ರಶ್ನೆಪತ್ರಿಕೆ ಅವನ ಕೈಗೆ ಒಮ್ಮೆಯೂ ಸಿಕ್ಕಿರುವುದಿಲ್ಲ. ಸಾವನದುರ್ಗ, ಸ್ಕಂದಗಿರಿ, ಶಿವಗಂಗೆ ಕಾಲು ಪಳಗಿಸುತ್ತವೆ, ಎದೆ ಪಳಗಿಸುತ್ತವೆ. ರಕ್ತದ ರಸಾಯನವನ್ನು ಮುಟ್ಟುವುದಿಲ್ಲ.

ತುರಹಳ್ಳಿ ಕಾಡಿನ ಬಂಡೆಗಳ ಬಳಿ ಬೆಳಗ್ಗೆ ಬೆಳಗ್ಗೆ ಒಂದು ಮಾತು ಕೇಳಿಬರುತ್ತದೆ: ‘ಫಿಟ್ ಆಗಿದ್ರೆ ಏನೂ ಆಗಲ್ಲ ಬಿಡಿ ಸಾರ್.’ ಎತ್ತರದ ವೈದ್ಯಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಮ್ಯಾರಥಾನ್ ಓಡುವವರೂ ತಲೆನೋವು, ವಾಂತಿಗೆ ಸೋತು ಮಲಗುತ್ತಾರೆ, ಪಕ್ಕದಲ್ಲೇ ಬೊಜ್ಜು ಹೊತ್ತ ಐವತ್ತರ ಅಂಕಲ್ ನಗುತ್ತಾ ಸೂಪು ಕುಡಿಯುತ್ತಿರುತ್ತಾರೆ. ಗಟ್ಟಿಮುಟ್ಟಾದವರಿಗೆ ಒಂದು ಹೆಚ್ಚಿನ ಅಪಾಯವೂ ಇದೆ, ಅವರು ಬೇಗ ಬೇಗ ಹತ್ತಿಬಿಡುತ್ತಾರೆ. ಜಿಮ್ಮಿನಲ್ಲಿ ಮೂಗು ಬಾಯಿಗೆ ಕಟ್ಟಿಕೊಳ್ಳುವ ‘ಆಲ್ಟಿಟ್ಯೂಡ್ ಮಾಸ್ಕ್’ ಬಗ್ಗೆಯೂ ಇಲ್ಲೇ ಹೇಳಿ ಮುಗಿಸುತ್ತೇನೆ. ಅದು ಉಸಿರೆಳೆಯುವುದನ್ನು ಕಷ್ಟ ಮಾಡುತ್ತದೆ, ಆಮ್ಲಜನಕದ ಒತ್ತಡವನ್ನು ಇಳಿಸುವುದಿಲ್ಲ. ದುಡ್ಡು ಉಳಿಸಿ.

ಮೇಲೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆಯಾಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಪಾಲು ಎಲ್ಲಾ ಕಡೆ ಶೇ. 21ರಷ್ಟೇ. ಕಡಿಮೆಯಾಗುವುದು ಒತ್ತಡ. ಬನಶಂಕರಿಯಲ್ಲಿ ಗಾಳಿಯ ಒತ್ತಡ ಕಡಲತೀರದ ಹತ್ತರಲ್ಲಿ ಒಂಬತ್ತು ಪಾಲು ಇದ್ದರೆ, 5,895 ಮೀಟರ್ ಎತ್ತರದ ಉಹುರು ತುದಿಯಲ್ಲಿ ಅರ್ಧದಷ್ಟು. ಶ್ವಾಸಕೋಶದಿಂದ ರಕ್ತಕ್ಕೆ ಆಮ್ಲಜನಕವನ್ನು ತಳ್ಳುವುದೇ ಈ ಒತ್ತಡ, ಹಾಗಾಗಿ ಅಲ್ಲಿ ಒಂದೊಂದು ಉಸಿರಿನಲ್ಲೂ ಸಿಗುವುದು ಇಲ್ಲಿಯ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ.

ಕೊರತೆಯನ್ನು ಮೊದಲು ಪತ್ತೆ ಹಚ್ಚುವುದು ಕತ್ತಿನ ಎರಡೂ ಬದಿ, ಮಿದುಳಿಗೆ ಹೋಗುವ ರಕ್ತನಾಳ ಕವಲೊಡೆಯುವಲ್ಲಿ ಕುಳಿತ ಅಕ್ಕಿಕಾಳಿನಷ್ಟು ದೊಡ್ಡ ಅಂಗ, ಕೆರೋಟಿಡ್ ಬಾಡಿ. ‘ಜೋರಾಗಿ ಉಸಿರಾಡು’ ಎಂದು ಅದು ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. ಜೋರಾಗಿ ಉಸಿರಾಡಿದರೆ ಆಮ್ಲಜನಕ ಒಳಬರುತ್ತದೆ, ಆದರೆ ಇಂಗಾಲದ ಡೈಆಕ್ಸೈಡ್ ಬೇಕಾದ್ದಕ್ಕಿಂತ ಹೆಚ್ಚು ಹೊರಹೋಗುತ್ತದೆ. ಅದು ಕಡಿಮೆಯಾದರೆ ರಕ್ತ ಕ್ಷಾರೀಯವಾಗುತ್ತದೆ. ಕ್ಷಾರ ಹೆಚ್ಚಾಯಿತೆಂದು ಮಿದುಳಿನ ಇನ್ನೊಂದು ಕಾವಲುಗಾರ ‘ಸಾಕು, ನಿಧಾನ’ ಎನ್ನುತ್ತಾನೆ. ದೇಹ ಇಬ್ಬರ ಜಗಳದ ನಡುವೆ ಸಿಕ್ಕಿಕೊಳ್ಳುತ್ತದೆ. ಟೆಂಟಿನಲ್ಲಿ ಪಕ್ಕದವರ ಉಸಿರು ರಾತ್ರಿ ಏರುತ್ತಾ ಏರುತ್ತಾ ಹೋಗಿ ಕೆಲವು ಸೆಕೆಂಡು ನಿಂತೇಬಿಟ್ಟು, ಆಮೇಲೆ ಗಕ್ಕನೆ ಎಳೆದುಕೊಳ್ಳುವುದನ್ನು ಕೇಳಿ ಹೆದರುವವರಿದ್ದಾರೆ. ಆ ಜಗಳದ ಸದ್ದೇ ಅದು. ಬಹುಮಟ್ಟಿಗೆ ನಿರಪಾಯಕಾರಿ, ನಿದ್ದೆ ಮಾತ್ರ ಕೆಡುತ್ತದೆ.

ಜಗಳ ಬಿಡಿಸುವವರು ಮೂತ್ರಪಿಂಡಗಳು. ಹೆಚ್ಚಾದ ಕ್ಷಾರವನ್ನು, ಅಂದರೆ ಬೈಕಾರ್ಬನೇಟನ್ನು, ಅವು ಮೂತ್ರದಲ್ಲಿ ಹೊರಹಾಕುತ್ತವೆ. ಮೇಲೆ ಹೋದಾಗ ಪದೇಪದೇ ಮೂತ್ರಕ್ಕೆ ಎದ್ದರೆ ಬೇಸರಪಡಬೇಡಿ, ಕೆಲಸ ನಡೆಯುತ್ತಿದೆ ಎಂದರ್ಥ. ಆದರೆ ಮೂತ್ರಪಿಂಡಕ್ಕೆ ಅವಸರವಿಲ್ಲ. ಈ ಕೆಲಸಕ್ಕೆ ಅದು ದಿನಗಳನ್ನು ಕೇಳುತ್ತದೆ, ಗಂಟೆಗಳನ್ನಲ್ಲ. ಕೆಂಪು ರಕ್ತಕಣ ಹೆಚ್ಚುವುದಂತೂ ವಾರಗಳ ಮಾತು. ಒಂದು ವಾರದ ಚಾರಣದಲ್ಲಿ ಹೊಸ ರಕ್ತ ನಿಮ್ಮ ನೆರವಿಗೆ ಬರುವುದಿಲ್ಲ, ಉಸಿರು ಮತ್ತು ಮೂತ್ರಪಿಂಡದ ಹೊಂದಾಣಿಕೆಯೇ ಆಧಾರ.

ಈ ಪಾಠವನ್ನು ಭಾರತ ತುಂಬ ದುಬಾರಿ ಬೆಲೆಗೆ ಕಲಿತಿದೆ. 1962ರ ಯುದ್ಧದ ಹೊತ್ತಿಗೆ ಬಯಲುಸೀಮೆಯ ಸೈನಿಕರನ್ನು ತರಾತುರಿಯಲ್ಲಿ ಹಿಮಾಲಯದ ಎತ್ತರಕ್ಕೆ ಸಾಗಿಸಲಾಯಿತು. ಇಂದರ್ ಸಿಂಗ್ ಮತ್ತು ಸಂಗಡಿಗ ವೈದ್ಯರು 11,000ದಿಂದ 18,000 ಅಡಿಗಳ ನಡುವೆ ಎತ್ತರದ ಕಾಯಿಲೆಗೆ ಬಿದ್ದ 1,925 ಸೈನಿಕರ ವಿವರಗಳನ್ನು ಕಲೆಹಾಕಿ 1969ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟಿಸಿದರು. ಜಗತ್ತಿನ ಪರ್ವತ ವೈದ್ಯರು ಇಂದಿಗೂ ಉಲ್ಲೇಖಿಸುವ ಲೇಖನ ಅದು. ಈಗ ಸೇನೆಯಲ್ಲಿ ಪಾಲಿಸುವ ಪದ್ಧತಿಯಲ್ಲಿ 9,000ದಿಂದ 12,000 ಅಡಿಯ ಹಂತಕ್ಕೆ ಆರು ದಿನ, 15,000ದವರೆಗೆ ಇನ್ನೂ ನಾಲ್ಕು, ಅದರ ಮೇಲಕ್ಕೆ ಮತ್ತೆ ನಾಲ್ಕು, ಒಟ್ಟು ಹದಿನಾಲ್ಕು ದಿನ. 2016ರ ಫೆಬ್ರವರಿಯಲ್ಲಿ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನ ಹಿಮದಡಿ ಬದುಕಿದ್ದು ಹೊರಬಂದ ಸಿಯಾಚಿನ್ ಠಾಣೆ ಸುಮಾರು 19,600 ಅಡಿ ಎತ್ತರದ್ದು. ಕಿಲಿಮಂಜಾರೋ ತುದಿ 19,341 ಅಡಿ. ಅಂಥ ಎತ್ತರಕ್ಕೆ ಇಪ್ಪತ್ತರ ಹರೆಯದ ಸಿಪಾಯಿಯನ್ನೂ ಸೇನೆ ನೇರವಾಗಿ ಕಳಿಸುವುದಿಲ್ಲ. ಪ್ರವಾಸದ ಜಾಹೀರಾತು ನಮ್ಮನ್ನು ಐದು ದಿನದಲ್ಲಿ ಕಳಿಸಿಬಿಡುತ್ತದೆ.

ಬೆಂಗಳೂರಿನ ಸಾಫ್ಟ್‌ವೇರ್ ನೌಕರರ ಲೆಕ್ಕ ಹೀಗಿರುತ್ತದೆ. ಸೋಮವಾರದಿಂದ ಶುಕ್ರವಾರ ಐದು ರಜೆ, ಎರಡು ವಾರಾಂತ್ಯ, ಒಟ್ಟು ಒಂಬತ್ತು ದಿನ. ಹೋಗಿಬರುವ ವಿಮಾನ ಕಳೆದರೆ ಬೆಟ್ಟಕ್ಕೆ ಐದೋ ಆರೋ ದಿನ ಉಳಿಯುತ್ತದೆ. ಆ ಐದು ದಿನಕ್ಕೆ ಹೇಳಿ ಮಾಡಿಸಿದ್ದು ಮರಂಗು ದಾರಿ: 2,720ರ ಮಂದಾರಾ ಗುಡಿಸಲಲ್ಲಿ ಒಂದು ರಾತ್ರಿ, 3,720ರ ಹೊರೊಂಬೊದಲ್ಲಿ ಒಂದು, 4,720ರ ಕಿಬೋ ಗುಡಿಸಲಲ್ಲಿ ಅರ್ಧ ರಾತ್ರಿ, ಅಲ್ಲಿಂದ ತುದಿ. ದಿನಕ್ಕೆ ಸಾವಿರ ಸಾವಿರ ಮೀಟರ್. ವೈದ್ಯರ ಸೂತ್ರವಾದರೋ 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ರಾತ್ರಿಗೆ 500 ಮೀಟರ್‌ಗಿಂತ ಹೆಚ್ಚಿಸಬೇಡಿ, ಮೂರು ನಾಲ್ಕು ದಿನಕ್ಕೊಮ್ಮೆ ವಿಶ್ರಾಂತಿ ತೆಗೆದುಕೊಳ್ಳಿ ಎನ್ನುತ್ತದೆ. ಐದು ದಿನದ ಮರಂಗು ಇದರ ಇಮ್ಮಡಿ ವೇಗ. ಮಲಗಲು ಮಂಚ ಸಿಗುತ್ತದೆ, ಖರ್ಚೂ ಕಡಿಮೆ, ಅದಕ್ಕೇ ಜನ ಬೀಳುತ್ತಾರೆ. ನನ್ನ ಪ್ರಕಾರ ಈ ದಾರಿಯನ್ನು ಐದು ದಿನಕ್ಕೆ ಮಾರುವುದೇ ತಪ್ಪು. ಹೊರೊಂಬೊದಲ್ಲಿ ಇನ್ನೊಂದು ರಾತ್ರಿ ನಿಂತರೆ ಪರವಾಗಿಲ್ಲ.

ಏಳು ದಿನದ ಮಚಾಮೆ, ಎಂಟು ದಿನದ ಲೆಮೊಶೊ ದಾರಿಗಳಲ್ಲಿ ಒಂದು ಜಾಣ್ಮೆಯ ದಿನವಿದೆ. ಶಿರಾ ಬಿಡಾರದಿಂದ (ಸುಮಾರು 3,800) ಲಾವಾ ಟವರ್ ಎಂಬ ಬಂಡೆಗೋಪುರದವರೆಗೆ, 4,600 ಮೀಟರ್‌ಗೆ, ಹತ್ತಿಸುತ್ತಾರೆ. ಅಲ್ಲಿ ಊಟ ಮಾಡಿಸಿ ಮತ್ತೆ 3,950ರ ಆಸುಪಾಸಿನ ಬರಾಂಕೊಗೆ ಇಳಿಸುತ್ತಾರೆ. ದಿನವಿಡೀ ನಡೆದು ಬೆಳಗಿನ ಎತ್ತರಕ್ಕೇ ವಾಪಸು ಬಂದೆವಲ್ಲ ಎಂದು ಗೊಣಗುವವರು ಇದ್ದೇ ಇರುತ್ತಾರೆ. ಹಗಲು ಎತ್ತರ ತೋರಿಸಿ ದೇಹವನ್ನು ಎಚ್ಚರಿಸುವುದು, ನಿದ್ದೆಯಲ್ಲಿ ಉಸಿರು ಮಂದವಾಗಿ ಆಮ್ಲಜನಕ ಇನ್ನಷ್ಟು ಇಳಿಯುವ ರಾತ್ರಿಯ ಹೊತ್ತನ್ನು ಕೆಳಗೆ ಕಳೆಸುವುದು ಇದರ ತಂತ್ರ. ಹಾಗೆಂದು ಈ ದಾರಿಗಳೂ ಸೂತ್ರಕ್ಕೆ ಪೂರ್ತಿ ನಿಷ್ಠವಲ್ಲ. ಮಚಾಮೆಯ ಎರಡನೇ ರಾತ್ರಿಗೇ ಸಾವಿರ ಮೀಟರ್ ಹತ್ತಿರ ಏರಿಸುತ್ತಾರೆ, 4,670ರ ಬರಾಫು ಬಿಡಾರಕ್ಕೆ ಮಧ್ಯಾಹ್ನ ತಲುಪಿಸಿ ಅದೇ ಮಧ್ಯರಾತ್ರಿ ತುದಿಗೆ ಹೊರಡಿಸುತ್ತಾರೆ. ಇರುವುದರಲ್ಲಿ ಉತ್ತಮವನ್ನು ಆರಿಸಬೇಕು, ಅಷ್ಟೇ.

ಎಂಟು ದಿನದ ನಡಿಗೆಗೆ ಒಟ್ಟು ಹನ್ನೆರಡು ದಿನ ಬೇಕು, ಅಂದರೆ ಐದರ ಬದಲು ಎಂಟು ರಜೆ. ಆ ಮೂರು ರಜೆಗಾಗಿ ಮ್ಯಾನೇಜರ ಹತ್ತಿರ ವಾದಿಸುವುದು ಯಾವ ಬೂಟಿಗಿಂತಲೂ ಹೆಚ್ಚು ಲಾಭದ ಕೆಲಸ. ದುಡ್ಡೂ ಹೆಚ್ಚಾಗುತ್ತದೆ, ರಾಷ್ಟ್ರೀಯ ಉದ್ಯಾನದ ಶುಲ್ಕ ದಿನದ ಲೆಕ್ಕದಲ್ಲಿದೆ. ಇನ್ನು ತಿಂಗಳು. ನಮ್ಮ ಮಕ್ಕಳ ಬೇಸಿಗೆ ರಜೆ ಬರುವ ಏಪ್ರಿಲ್-ಮೇ ತಿಂಗಳಲ್ಲೇ ಕಿಲಿಮಂಜಾರೋದಲ್ಲಿ ದೊಡ್ಡ ಮಳೆಗಾಲ. ಜನವರಿ-ಫೆಬ್ರವರಿ ಅಥವಾ ಜೂನ್ ಕೊನೆಯಿಂದ ಅಕ್ಟೋಬರ್‌ವರೆಗೆ ಒಳ್ಳೆಯದು. ಮಕ್ಕಳು, ಮಾಸ್ತರರು ಇರುವ ಮನೆಗಳಿಗೆ ದಸರಾ ರಜೆ ಹೊಂದುತ್ತದೆ.

ಮನೆಯಲ್ಲಿ ಮಾಡಬೇಕಾದ ಮೊದಲ ಕೆಲಸ ರಕ್ತಪರೀಕ್ಷೆ, ಅದೂ ನಾಲ್ಕೈದು ತಿಂಗಳು ಮುಂಚೆ. ಆಮ್ಲಜನಕ ಹೊರುವುದು ಹೀಮೋಗ್ಲೋಬಿನ್, ಮತ್ತು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ರಕ್ತಹೀನತೆ ಇದೆ. ಕಬ್ಬಿಣದ ಕೊರತೆ ತುಂಬಲು ತಿಂಗಳುಗಳು ಬೇಕು. ಹೊರಡುವ ಹಿಂದಿನ ವಾರ ಗೊತ್ತಾದರೆ ಏನೂ ಮಾಡಲಾಗುವುದಿಲ್ಲ. ಚಾರಣಕ್ಕೆ ಹೊರಟ ಅಮ್ಮಂದಿರು ಮನೆಯವರೆಲ್ಲರ ಥರ್ಮಲ್ ಖರೀದಿಸಿ ತಮ್ಮ ಈ ಒಂದು ಪರೀಕ್ಷೆ ಮಾತ್ರ ಮರೆಯುತ್ತಾರೆ.

ಅಸೆಟಝೋಲಮೈಡ್, ಅಂಗಡಿಯ ಹೆಸರಲ್ಲಿ ಡಯಾಮಾಕ್ಸ್, ಕುರಿತು ಎರಡು ತೀರ್ಪುಗಳು ಓಡಾಡುತ್ತವೆ: ಅದು ಮೋಸದಾಟ, ಅಥವಾ ಅದು ಕವಚ. ಎರಡೂ ಸರಿಯಲ್ಲ. ಬೈಕಾರ್ಬನೇಟ್ ಹೊರಹಾಕುವ ಮೂತ್ರಪಿಂಡದ ಕೆಲಸವನ್ನೇ ಅದು ಬೇಗ ಮಾಡಿಸುತ್ತದೆ, ಲಕ್ಷಣವನ್ನು ಮುಚ್ಚಿಡುವುದಿಲ್ಲ. ಸಲ್ಫಾ ಔಷಧಿ ಆಗದವರು, ಬೇರೆ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಮುಂಚೆಯೇ ಊರಲ್ಲಿ ಎರಡು ದಿನ ತೆಗೆದುಕೊಂಡು ನೋಡುವುದು ಒಳ್ಳೆಯದು. ಬೆರಳ ತುದಿ ಜುಮ್ಮೆನ್ನುತ್ತದೆ, ಗೋಲಿಸೋಡಾ ಸಪ್ಪೆಯಾಗುತ್ತದೆ. ಸೋಡಾದ ಚುರುಕನ್ನು ನಾಲಿಗೆಗೆ ತಿಳಿಸುವ ಕಿಣ್ವವನ್ನೂ ಈ ಔಷಧಿ ತಡೆಯುತ್ತದೆ. ಇದೆಲ್ಲ ಮೊದಲ ಸಲ 4,000 ಮೀಟರ್‌ನಲ್ಲಿ ಅನುಭವವಾದರೆ ಗಾಬರಿಯಾಗುತ್ತದೆ.

ಕೋವಿಡ್ ಕಾಲದ ಆಕ್ಸಿಮೀಟರ್ ಎಲ್ಲರ ಮನೆಯ ಡ್ರಾಯರಿನಲ್ಲೂ ಇದೆ. ಒಯ್ಯಿರಿ, ಆದರೆ 94ಕ್ಕೆ ಹೆದರುವ ಅಭ್ಯಾಸವನ್ನು ಇಲ್ಲೇ ಬಿಟ್ಟು ಹೋಗಿ. ಬರಾಫುವಿನಲ್ಲಿ ಆರೋಗ್ಯವಂತರಿಗೂ ಎಂಬತ್ತರ ಆಸುಪಾಸು ತೋರಿಸಬಹುದು. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣವಿದ್ದರೆ ಅಂಕಿಯೇ ಸುಳ್ಳಾಗುತ್ತದೆ. ‘ತಲೆ ನೋಯುತ್ತಿದೆಯಾ, ಊಟ ಸೇರಿತಾ?’ ಎಂಬ ಮಾರ್ಗದರ್ಶಿಯ ಪ್ರಶ್ನೆಗೆ ಅಂಕಿಗಿಂತ ಹೆಚ್ಚು ಬೆಲೆಯಿದೆ.

ಕಾಲಿನ ತರಬೇತಿಗೆ ನಮ್ಮ ಕಡೆ ಕೊರತೆಯಿಲ್ಲ. ಬನಶಂಕರಿ ಮೆಟ್ರೋ ನಿಲ್ದಾಣದ ಎಸ್ಕಲೇಟರ್ ಬಿಟ್ಟು ಮೆಟ್ಟಿಲು ಹಿಡಿಯುವುದರಿಂದ ಶುರುಮಾಡಬಹುದು. ಎಲ್ಲರೂ ಹತ್ತುವುದನ್ನಷ್ಟೇ ಅಭ್ಯಾಸ ಮಾಡುತ್ತಾರೆ ಎನ್ನುವುದೇ ತೊಂದರೆ. ತುದಿ ಮುಟ್ಟುವ ದಿನ ಬರಾಫುವಿನಿಂದ 1,200 ಮೀಟರ್ ಏರಿ, ಅದೇ ದಿನ 3,100ರ ಮ್ವೆಕಾ ಬಿಡಾರದವರೆಗೆ 2,800 ಮೀಟರ್ ಇಳಿಯಬೇಕು. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಭಾರ ತಡೆಯುತ್ತಾ ಉದ್ದವಾಗುತ್ತದೆ, ಎಳೆಗಳು ಸೂಕ್ಷ್ಮವಾಗಿ ಹರಿಯುತ್ತವೆ, ಎರಡನೇ ದಿನದ ನೋವು ಅದರದ್ದು. ಒಮ್ಮೆ ಹೀಗೆ ಚೆನ್ನಾಗಿ ನೋವುಂಡ ಸ್ನಾಯುವಿಗೆ ಮುಂದಿನ ಕೆಲವು ವಾರ ಅದೇ ಕೆಲಸ ಅಷ್ಟು ನೋವು ಕೊಡುವುದಿಲ್ಲ. ಹಾಗಾಗಿ ಹೊರಡುವ ಮೂರು ವಾರ ಮುಂಚೆ ಒಂದು ದೊಡ್ಡ ಇಳಿತ ಇರಲಿ. ಕರ್ನಾಟಕದಲ್ಲಿ ಅದಕ್ಕೆ ತಕ್ಕುದು ಕುಮಾರಪರ್ವತ. ಕುಕ್ಕೆಯಿಂದ 1,712 ಮೀಟರ್ ತುದಿಗೆ ಏರುವ ಎತ್ತರವೇ 1,500 ಮೀಟರ್‌ಗೂ ಮೇಲೆ. ದಾರಿಯಲ್ಲಿ ಸಿಗುವ ಭಟ್ಟರ ಮನೆಯ ಊಟದ ಬಲದ ಮೇಲೆ ಹತ್ತುವುದನ್ನು ಹೊಗಳುವವರು ಇಳಿಯುವಾಗ ಮಂಡಿ ಹಿಡಿದುಕೊಂಡದ್ದನ್ನು ಹೇಳುವುದಿಲ್ಲ.

ಒಂದು ವಿಷಯವನ್ನು ತುರಹಳ್ಳಿ ಕಲಿಸಲಾರದು. ನಮ್ಮದು ಲಾಲ್‌ಬಾಗಿನ ಬಂಡೆಯ ವಂಶ, 300 ಕೋಟಿ ವರ್ಷ ಹಳೆಯ ನೈಸ್ ಶಿಲೆ, ಹೆಜ್ಜೆ ಇಟ್ಟಲ್ಲಿ ನಿಲ್ಲುತ್ತದೆ. ಕಿಲಿಮಂಜಾರೋದ ತುದಿಯ ಕಿಬೋ ಜ್ವಾಲಾಮುಖಿಗೆ ಸುಮಾರು ಐದು ಲಕ್ಷ ವರ್ಷ. ಮೇಲ್ಭಾಗವೆಲ್ಲ ಬೂದಿ, ಸಡಿಲ ಜಲ್ಲಿ. ಒಂದು ಹೆಜ್ಜೆ ಮುಂದಿಟ್ಟರೆ ಅರ್ಧ ಹಿಂದೆ ಜಾರುತ್ತದೆ. ಮಧ್ಯರಾತ್ರಿ ಹೊರಡಿಸುವುದಕ್ಕೆ ಸೂರ್ಯೋದಯದ ಫೋಟೊ ಮಾತ್ರ ಕಾರಣವಲ್ಲ. ಚಳಿಗೆ ಹೆಪ್ಪುಗಟ್ಟಿದ ಜಲ್ಲಿ ಕಾಲಿಗೆ ಹಿಡಿತ ಕೊಡುತ್ತದೆ, ಹಗಲೇರಿದರೆ ಸಡಿಲವಾಗುತ್ತದೆ.

ಮೆಟ್ಟಿಲಭ್ಯಾಸಕ್ಕೆ ರಾಗಿಗುಡ್ಡಕ್ಕೆ ಹೋಗುವವರಿಗೆ ಒಂದು ಉಪಕಥೆ. ರಾಗಿಯ ರಾಶಿ ಕಲ್ಲಾಯಿತೆಂಬ ಸ್ಥಳಪುರಾಣದ ಆ ಗುಡ್ಡದ ಧಾನ್ಯ ಮೂಲತಃ ಪೂರ್ವ ಆಫ್ರಿಕಾದ ಎತ್ತರದ ಭೂಮಿಯದು, ಸಾವಿರಾರು ವರ್ಷ ಹಿಂದೆ ಇಲ್ಲಿಗೆ ಬಂದದ್ದು. ಕಿಲಿಮಂಜಾರೋದ ತಪ್ಪಲಿನ ಚಗ್ಗಾ ಜನ ಬಾಳೆಹಣ್ಣಿಗೆ ರಾಗಿಯ ಮೊಳಕೆ ಹಿಟ್ಟು ಬೆರೆಸಿ ಎಂಬೆಗೆ ಎಂಬ ಪಾನೀಯ ಹುದುಗಿಸುತ್ತಾರೆ.  ಅಡುಗೆಯ ಮಾತು ಬಂದದ್ದರಿಂದ ಹೇಳುತ್ತೇನೆ: ಬರಾಫುವಿನಲ್ಲಿ ನೀರು ಸುಮಾರು 85 ಡಿಗ್ರಿಗೇ ಕುದಿಯುತ್ತದೆ, ಪ್ರೆಶರ್ ಕುಕ್ಕರ್ ಇಲ್ಲದೆ ಬೇಳೆ ಬೇಯುವುದಿಲ್ಲ. ಹಸಿವೂ ಸಾಯುತ್ತದೆ. ಅದೇ ಆಮ್ಲಜನಕಕ್ಕೆ ಕೊಬ್ಬಿಗಿಂತ ಪಿಷ್ಟ ಸ್ವಲ್ಪ ಹೆಚ್ಚು ಶಕ್ತಿ ಕೊಡುತ್ತದೆ, ಆದ್ದರಿಂದ ಗಂಜಿ, ಅನ್ನ, ಆಲೂಗಡ್ಡೆ ಬಾಯಿಗೆ ರುಚಿಸುವಂತೆ ಮಾಡಿಕೊಳ್ಳಲು ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಒಯ್ಯುವುದರಲ್ಲಿ ವಿಜ್ಞಾನವಿದೆ. ಅವನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಬೇಡಿ. 2019ರ ಜೂನ್‌ನಿಂದ ತಾಂಜಾನಿಯಾದಲ್ಲಿ ಪ್ಲಾಸ್ಟಿಕ್ ಚೀಲ ನಿಷೇಧ.

ನೈರೋಬಿ ಅಥವಾ ಅಡಿಸ್ ಅಬಾಬಾ ಮೂಲಕ ಹೋಗುವವರು ಹಳದಿ ಜ್ವರದ ಲಸಿಕೆಯನ್ನು ಕಡೆಗಣಿಸುವಂತಿಲ್ಲ. ಕೆನ್ಯಾ, ಇಥಿಯೋಪಿಯಾ ಆ ರೋಗವಿರುವ ದೇಶಗಳು, ಪ್ರಮಾಣಪತ್ರವಿಲ್ಲದೆ ಅಲ್ಲಿಂದ ಬಂದವರನ್ನು ಭಾರತದಲ್ಲಿ ಆರು ದಿನದವರೆಗೆ ಪ್ರತ್ಯೇಕವಾಗಿಡಬಹುದು. ಇಷ್ಟು ಬಿಗಿ ಏಕೆಂದರೆ, ಆ ವೈರಸ್ಸನ್ನು ಹರಡುವ ಈಡಿಸ್ ಸೊಳ್ಳೆ ನಮ್ಮಲ್ಲಿ ಧಾರಾಳವಾಗಿದೆ. ಪ್ರತಿ ಮಳೆಗಾಲ ಡೆಂಗಿ ತರುವುದು ಅದೇ. ಸೊಳ್ಳೆ ಇದೆ, ರೋಗನಿರೋಧಕ ಶಕ್ತಿಯಿಲ್ಲದ ಕೋಟ್ಯಂತರ ಜನರಿದ್ದಾರೆ, ವೈರಸ್ಸು ಮಾತ್ರ ಇನ್ನೂ ಬಂದಿಲ್ಲ. ಲಸಿಕೆ ಸರ್ಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಷ್ಟೇ ಸಿಗುತ್ತದೆ, ಪ್ರಮಾಣಪತ್ರಕ್ಕೆ ಬೆಲೆ ಬರುವುದು ಹತ್ತು ದಿನ ಕಳೆದ ಮೇಲೆ.

ಕಿಲಿಮಂಜಾರೋವನ್ನು ಪರವಾನಗಿ ಇರುವ ಮಾರ್ಗದರ್ಶಿ ಇಲ್ಲದೆ ಹತ್ತುವಂತಿಲ್ಲ, ಹಾಗಾಗಿ ಸಂಸ್ಥೆಯ ಆಯ್ಕೆ ತಪ್ಪದು. ಒಬ್ಬ ಚಾರಣಿಗನ ಹಿಂದೆ ಮೂರು ನಾಲ್ಕು ಕೆಲಸಗಾರರು ಇರುತ್ತಾರೆ. ಬರಾಫುವಿನಲ್ಲಿ ನೀರಿಲ್ಲ, ಕೆಳಗಿನ ಕರಂಗಾದಿಂದ ಹೂಜಿ ಹೊತ್ತು ತರುವವರು ಅವರೇ. ಹೊರೆಗೆ 20 ಕೆಜಿ ಮಿತಿಯಿದೆ. ತೀರಾ ಅಗ್ಗದ ದರ ಹೇಳುವವರು ಆ ಉಳಿತಾಯವನ್ನು ಎಲ್ಲಿ ಮಾಡುತ್ತಾರೆಂದು ಕೇಳಿ. ಒಂದೋ ದಿನ ಕಡಿಮೆ, ಇಲ್ಲವೇ ಹಮಾಲರ ಕೂಲಿ, ಊಟ, ಹೊದಿಕೆ ಕಡಿಮೆ. ಹೊರೆಯವರಿಗೂ ಎತ್ತರದ ಕಾಯಿಲೆ ಬರುತ್ತದೆ. ಅವರ ನೆರವಿಗೆ ನಿಂತಿರುವ ಕಿಲಿಮಂಜಾರೋ ಪೋರ್ಟರ್ಸ್ ಅಸಿಸ್ಟೆನ್ಸ್ ಪ್ರಾಜೆಕ್ಟ್ ತನ್ನ ಜೊತೆಗೂಡಿದ ಕಂಪನಿಗಳ ಪಟ್ಟಿ ಇಟ್ಟಿದೆ, ಅದರಲ್ಲಿ ಹೆಸರಿದೆಯೇ ನೋಡಿ. ಆಮ್ಲಜನಕ ಸಿಲಿಂಡರು ಜೊತೆಗಿರುತ್ತದೆಯೇ, ತುದಿಯ ರಾತ್ರಿ ಎಷ್ಟು ಜನಕ್ಕೆ ಒಬ್ಬ ಮಾರ್ಗದರ್ಶಿ ಎಂದೂ ಕೇಳಿ. ಗುಂಪಿನಲ್ಲಿ ಒಬ್ಬರು ವಾಪಸು ಇಳಿದರೆ ಅವರ ಜೊತೆ ಒಬ್ಬ ಮಾರ್ಗದರ್ಶಿ ಇಳಿಯಲೇಬೇಕು, ಉಳಿದವರಿಗೆ ಸಾಕಷ್ಟು ಜನ ಉಳಿಯಬೇಕು.

ಇಳಿಯುವ ನಿರ್ಧಾರ ಯಾರದು ಎಂಬುದನ್ನೂ ಮೊದಲೇ ಮಾತಾಡಿಕೊಳ್ಳಬೇಕು, ಮೋಶಿಗೆ ಹೋದಮೇಲಲ್ಲ, ಬನಶಂಕರಿಯಲ್ಲೇ, ಕಾಫಿ ಕುಡಿಯುತ್ತಾ. ಆಮ್ಲಜನಕ ಕಡಿಮೆಯಾದಾಗ ಮೊದಲು ಮಂಕಾಗುವುದು ತೀರ್ಮಾನಿಸುವ ಶಕ್ತಿಯೇ. ‘ನನಗೇನೂ ಆಗಿಲ್ಲ’ ಎಂದು ಜೋರಾಗಿ ಹೇಳುವವರನ್ನೇ ಹೆಚ್ಚು ಗಮನಿಸಬೇಕಾಗುತ್ತದೆ. ತಲೆನೋವಿಗೆ ವಾಂತಿ ಸೇರಿ ಹೆಚ್ಚುತ್ತಿದ್ದರೆ ಮುಂದಕ್ಕೆ ಹತ್ತಬಾರದು. ಸುಮ್ಮನೆ ಕುಳಿತಾಗಲೂ ಏದುಸಿರು, ಕೆಮ್ಮಿನಲ್ಲಿ ನೊರೆ ಬಂದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ. ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನೇರ ಗೆರೆಯಲ್ಲಿ ನಡೆಯಲಾಗದೆ ತೂರಾಡಿದರೆ ಮಿದುಳು ಊದುತ್ತಿದೆ. ಈ ಎರಡಕ್ಕೂ ರಾತ್ರಿ ಎಂದು ಕಾಯದೆ ಆ ಕ್ಷಣವೇ ಇಳಿಸಬೇಕು. ಮಾರ್ಗದರ್ಶಿ ‘ಇಳಿ’ ಎಂದರೆ ಇಳಿಯುವುದು, ವಾದ ಮಾಡುವಂತಿಲ್ಲ ಎಂದು ಗಂಡ ಹೆಂಡತಿ, ಅಣ್ಣ ತಮ್ಮ, ಆಫೀಸಿನ ಗೆಳೆಯರು ಒಬ್ಬರಿಗೊಬ್ಬರು ಮಾತು ಕೊಟ್ಟಿರಬೇಕು. ಕೊಟ್ಟ ದುಡ್ಡು ವಾಪಸು ಬರುವುದಿಲ್ಲ ಎಂಬ ಲೆಕ್ಕವನ್ನೂ ಅದೇ ದಿನ ಚುಕ್ತಾ ಮಾಡಿಕೊಂಡುಬಿಡಬೇಕು. ವಿಮೆ ಮಾಡಿಸುವಾಗ ಪಾಲಿಸಿ 6,000 ಮೀಟರ್‌ವರೆಗಿನ ಚಾರಣಕ್ಕೆ ಅನ್ವಯಿಸುತ್ತದೆಯೇ ಎಂದು ಓದಿ ನೋಡಿ. ಅನೇಕ ಸಾಮಾನ್ಯ ಪ್ರವಾಸ ವಿಮೆಗಳು ಅದಕ್ಕಿಂತ ಬಹಳ ಕೆಳಗೇ ನಿಂತುಬಿಡುತ್ತವೆ.